ನಾರ್ವೆಯ ಫ್ಯೋರ್ಡ್ ದಡದ ತೋಟದಮನೆಗೆ ಹೋಗಿಬರುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಫ್ಯೋರ್ಡ್ ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಕಡಲಿನ ತೋಳು. ನಾರ್ವೆಗೆ ಹೋಗಿಬಂದ ನಮ್ಮವರಲ್ಲಿ ಹಲವರು ಒಂದೇ ಮಾತು ಹೇಳುತ್ತಾರೆ. "ದೋಣಿಯಲ್ಲಿ ಫ್ಯೋರ್ಡ್ ಸುತ್ತಿದೆವು. ದಡದಲ್ಲಿ ಬಿಳಿ ಮನೆ, ಕೆಂಪು ಕೊಟ್ಟಿಗೆ, ಸೇಬಿನ ತೋಟ ಎಲ್ಲಾ ಕಾಣಿಸಿತು. ಒಳಗೆ ಹೋಗೋಕೆ ಮಾತ್ರ ಆಗಲಿಲ್ಲ." ವಿಚಾರಿಸಿದರೆ ಕಾರಣಗಳೂ ಹೆಚ್ಚುಕಡಿಮೆ ಅವೇ. ಹೇಳದೆ ಕೇಳದೆ ಹೋಗಿದ್ದರು. ಭಾನುವಾರ ಹೋಗಿದ್ದರು. ಕುರಿ ನೋಡಲೆಂದು ಜುಲೈಯಲ್ಲಿ ಹೋಗಿದ್ದರು. ಬಸ್ಸು ಸಿಗಲಿಲ್ಲ.

ಇದಕ್ಕೆಲ್ಲಾ ಮೂಲ ಒಂದೇ. ಮೊದಲು ವಿಮಾನದ ಟಿಕೆಟ್ ತೆಗೆದು ಆಮೇಲೆ ತೋಟ ಹುಡುಕುತ್ತೇವೆ. ಈ ಕ್ರಮವನ್ನು ತಿರುಗಿಸಬೇಕು. ಅಲ್ಲಿ ಆಳುಕಾಳು ದುಬಾರಿ. ಎಷ್ಟೋ ತೋಟಗಳಲ್ಲಿ ಗಂಡ, ಹೆಂಡತಿ, ಮಕ್ಕಳೇ ಎಲ್ಲಾ ಕೆಲಸ ಮಾಡುತ್ತಾರೆ. ಅವರ ಕೆಲಸದ ನಡುವೆ ಬಿಡುವು ಇದ್ದಾಗ ಮಾತ್ರ ನಮಗೆ ಜಾಗ. ಆದ್ದರಿಂದ ಮೊದಲು ತೋಟ, ನಂತರ ತಿಂಗಳು, ನಂತರ ಅವರ ಒಪ್ಪಿಗೆ, ಎಲ್ಲಕ್ಕಿಂತ ಕೊನೆಗೆ ಟಿಕೆಟ್.

ಉದಾಹರಣೆಗೆ ಹಾರ್ಡಂಗರ್ ಫ್ಯೋರ್ಡ್ ತೆಗೆದುಕೊಂಡಿದ್ದೇನೆ. ನಾರ್ವೆಯ ಹಣ್ಣಿನ ತೋಟಗಳ ಸೀಮೆ ಅದು. ಬೇರೆ ಫ್ಯೋರ್ಡ್‌ಗೂ ಇದೇ ಹೆಜ್ಜೆಗಳು ಸಾಕು.

1. ಎಂಥ ತೋಟದಮನೆ ಬೇಕು ಅಂತ ತೀರ್ಮಾನಿಸಿ

ದಡದಲ್ಲಿ ಕಾಣುವ ಎಲ್ಲಾ ಮನೆಗಳೂ ಒಂದೇ ಬಗೆಯವಲ್ಲ. ಮುಖ್ಯವಾಗಿ ನಾಲ್ಕು ಬಗೆ ಇವೆ.

ಮೊದಲನೆಯದು, ಮಾರಾಟದ ಕೋಣೆ ಇಟ್ಟುಕೊಂಡ ತೋಟ. ಬೋರ್ಡಿನಲ್ಲಿ "ಗಾರ್ಡ್ಸ್‌ಬುಟಿಕ್" ಅಂತ ಇರುತ್ತದೆ. ಜ್ಯೂಸ್, ಜಾಮ್, ಚೀಸ್, ಸೈಡರ್ (ಸೇಬಿನ ಮದ್ಯ) ಮಾರುತ್ತಾರೆ. ಕೆಲವರು ತೋಟ ಸುತ್ತಿಸುವುದೂ ಉಂಟು. ಹಾರ್ಡಂಗರ್‌ನ ಉಲ್ವಿಕ್ ಎಂಬ ಊರಲ್ಲಿ ಇಂಥ ಮೂರು ತೋಟಗಳನ್ನು ಒಂದೇ ಕಾಲುದಾರಿಯಲ್ಲಿ ನಡೆದು ನೋಡಬಹುದು. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ.

ಎರಡನೆಯದು, ರಾತ್ರಿ ತಂಗಲು ಕೊಡುವ ತೋಟ. ಹಳೆಯ ಮನೆಯನ್ನೋ ಕಣಜವನ್ನೋ ಸರಿಮಾಡಿ ಬಾಡಿಗೆಗೆ ಕೊಡುತ್ತಾರೆ. ಎರಡು ರಾತ್ರಿ ಉಳಿದರೆ ತೋಟದ ದಿನಚರಿ ನಿಜವಾಗಿ ಗೊತ್ತಾಗುತ್ತದೆ. ಮೂರನೆಯದು, ಮ್ಯೂಸಿಯಂ ಮಾದರಿ. ಫ್ಲೋಮ್ ಮತ್ತು ಔರ್ಲಾಂಡ್ ಊರುಗಳ ನಡುವಿನ ಒಟ್ಟೆರ್ನೆಸ್ ಅಂಥದ್ದು, ಹಳೆಯ ಮರದ ಕಟ್ಟಡಗಳ ಗುಂಪು.

ನಾಲ್ಕನೆಯದು ಜನ ಬಿಟ್ಟುಹೋದ ಕಡಿದಾದ ತೋಟಗಳು. ಗೈರಂಗರ್ ಫ್ಯೋರ್ಡ್‌ನ ಸ್ಕಾಗೆಫ್ಲೋ ಹೆಸರು ಕೇಳಿರಬಹುದು. ನೀರಿನಿಂದ ಸುಮಾರು 250 ಮೀಟರ್ ಮೇಲೆ, ಬಂಡೆಯ ಅಂಚಿನಲ್ಲಿದೆ. ಅಲ್ಲಿಗೆ ಹೋಗುವುದು ಚಾರಣ, ಅತಿಥಿಯಾಗಿ ಹೋಗುವುದಲ್ಲ. ಪುಟ್ಟ ಮಕ್ಕಳು, ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಇದನ್ನು ಬಿಡಿ.

ಹುಡುಕುವಾಗ ಹಾನೆನ್ ಎಂಬ ಹೆಸರು ನೆನಪಿಡಿ. ಹಾಗೆಂದರೆ ಹುಂಜ. ನಾರ್ವೆಯಲ್ಲಿ ಹಳ್ಳಿ ಪ್ರವಾಸ ಮತ್ತು ಸ್ಥಳೀಯ ಆಹಾರ ನಡೆಸುವವರ ಸಂಘಟನೆ ಅದು. ಅದರ ಸದಸ್ಯ ತೋಟಗಳು ಅತಿಥಿಗಳನ್ನು ಕರೆಯುವಂಥವೇ.

ಎಚ್ಚರಿಕೆ: ಮ್ಯಾಪಿನಲ್ಲಿ ಮನೆಯ ಹೆಸರು ಕಂಡ ಮಾತ್ರಕ್ಕೆ ಅದು ಪ್ರವಾಸಿ ಜಾಗ ಅಲ್ಲ. ಅಲ್ಲಿ ಪ್ರತಿ ತೋಟಕ್ಕೂ ಹೆಸರಿದೆ. ತೆರೆದಿರುವ ಹೊತ್ತು, ದರ, ಬುಕಿಂಗ್ ಬಗ್ಗೆ ಎಲ್ಲೂ ಒಂದು ಸಾಲು ಇಲ್ಲದಿದ್ದರೆ ಅದು ಬರೀ ಒಬ್ಬರ ಮನೆ.

2. ತಿಂಗಳು ಆರಿಸಿ

ಜಾಸ್ತಿ ಜನ ಎಡವುವುದು ಇಲ್ಲೇ. ಏನು ನೋಡಬೇಕು ಅನ್ನುವುದರ ಮೇಲೆ ತಿಂಗಳು ನಿಂತಿದೆ.

ಏಪ್ರಿಲ್ ಕೊನೆಯಿಂದ ಮೇ ತಿಂಗಳು ಕುರಿ ಮರಿ ಹಾಕುವ ಕಾಲ. ಮನೆಯವರು ರಾತ್ರಿಯೆಲ್ಲಾ ಕೊಟ್ಟಿಗೆಯಲ್ಲೇ ಇರುತ್ತಾರೆ. ಮರಿಗಳು ಮುದ್ದಾಗಿರುತ್ತವೆ ನಿಜ, ಆದರೆ ಅತಿಥಿಗಳಿಗೆ ಅವರ ಬಳಿ ಹೊತ್ತಿಲ್ಲ.

ಮೇ ಮಧ್ಯದಿಂದ ಕೊನೆಯವರೆಗೆ ಹಾರ್ಡಂಗರ್‌ನಲ್ಲಿ ಸೇಬು ಹೂ ಬಿಡುತ್ತದೆ. ಮೇಲೆ ಬೆಟ್ಟದಲ್ಲಿ ಹಿಮ, ಕೆಳಗೆ ಬಿಳಿ ಹೂ. ಚಳಿ ಹೆಚ್ಚಾದ ವರ್ಷ ಹೂ ತಡವಾಗುತ್ತದೆ. ಒಂದೇ ದಿನವನ್ನು ನಂಬಿ ಹೋಗಬೇಡಿ, ಮೂರು ನಾಲ್ಕು ದಿನ ಇಟ್ಟುಕೊಳ್ಳಿ. ಮೇ 17 ಅವರ ರಾಷ್ಟ್ರೀಯ ದಿನ. ಅಂದು ಊರೆಲ್ಲಾ ಮೆರವಣಿಗೆಯಲ್ಲಿರುತ್ತದೆ. ತೋಟದ ಬಾಗಿಲು ತೆರೆದಿರುತ್ತದೆ ಅಂದುಕೊಳ್ಳಬೇಡಿ. ಬದಲಿಗೆ ಮೆರವಣಿಗೆ ನೋಡಿ.

ಜೂನ್‌ನಲ್ಲಿ ಕುರಿಗಳನ್ನು ಬೆಟ್ಟಕ್ಕೆ ಬಿಡುತ್ತಾರೆ. ಅವು ಇಳಿದು ಬರುವುದು ಸೆಪ್ಟೆಂಬರ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಕೆಳಗಿನ ತೋಟದಲ್ಲಿ ಕುರಿ ಕಾಣುವುದು ಅಪರೂಪ. ಜುಲೈಯಲ್ಲಿ ಕುರಿಗಾಗಿ ಹೋಗಿ ಖಾಲಿ ಕೊಟ್ಟಿಗೆ ನೋಡಿ ಬಂದವರು ಬೇಕಾದಷ್ಟಿದ್ದಾರೆ. ಜುಲೈಯಲ್ಲೇ ಹೋಗಬೇಕಾದರೆ "ಸ್ಟೋಲ್" ಕೇಳಿ. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಹಸು, ಆಡು ಮೇಯಿಸಿ ಹಾಲು ಕರೆಯುವ ಮನೆಗೆ ಆ ಹೆಸರು. ಹಾರ್ಡಂಗರ್‌ನ ಚೆರ್ರಿ ಹಣ್ಣಾಗುವುದೂ ಜುಲೈ ಕೊನೆಯ ಹೊತ್ತಿಗೆ.

ಆಗಸ್ಟ್ ಕೊನೆಯಿಂದ ಪ್ಲಮ್, ಆಮೇಲೆ ಸೇಬು. ಸೇಬಿನ ಕೊಯ್ಲು ಅಕ್ಟೋಬರ್‌ವರೆಗೂ ನಡೆಯುತ್ತದೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲ ಎರಡು ವಾರ ಚೆಂದ. ಹಣ್ಣು ಇರುತ್ತದೆ, ಪ್ರವಾಸಿಗಳ ನೂಕುನುಗ್ಗಲು ಇಳಿದಿರುತ್ತದೆ, ಶಾಲೆ ಶುರುವಾಗಿ ಬಸ್ಸುಗಳೂ ಹೆಚ್ಚಾಗಿರುತ್ತವೆ. ಚಳಿಗಾಲದಲ್ಲಿ ಹಗಲು ತುಂಬಾ ಗಿಡ್ಡ. ಬಹಳಷ್ಟು ತೋಟಗಳು ಅತಿಥಿಗಳಿಗೆ ಮುಚ್ಚಿರುತ್ತವೆ.

3. ಮನೆಯವರಿಗೆ ಬರೆದು ಒಪ್ಪಿಗೆ ಪಡೆಯಿರಿ

ಹೊರಡುವ ಎರಡು ಮೂರು ತಿಂಗಳು ಮೊದಲೇ ಇಂಗ್ಲಿಷಿನಲ್ಲಿ ಒಂದು ಇಮೇಲ್ ಬರೆಯಿರಿ. ಉದ್ದ ಬೇಡ. ನಮ್ಮ ಪರಿಚಯ, ಊರಿನ ವರ್ಣನೆ ಬೇಕಿಲ್ಲ. ಅವರಿಗೆ ಬೇಕಾದ್ದು ಇಷ್ಟೇ:

"ನಾವು ನಾಲ್ವರು, ಅದರಲ್ಲಿ 6 ಮತ್ತು 10 ವರ್ಷದ ಇಬ್ಬರು ಮಕ್ಕಳು. ಸೆಪ್ಟೆಂಬರ್ 5ರಿಂದ 8ರೊಳಗೆ ಯಾವ ದಿನವಾದರೂ ಬರಬಹುದು. ಬಸ್ಸಿನಲ್ಲಿ ಬರುತ್ತೇವೆ. ತೋಟ ನೋಡಿ, ಊಟ ಸಾಧ್ಯವಾದರೆ ಊಟ ಮಾಡಬೇಕು ಅಂತ ಆಸೆ. ಇಬ್ಬರು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ನಮ್ಮ ಊರಲ್ಲಿ ಹಸುಗಳಿವೆ. ನಿಮ್ಮ ಕೊಟ್ಟಿಗೆಗೆ ಬರಲು ಏನಾದರೂ ನಿಯಮ ಇದ್ದರೆ ತಿಳಿಸಿ."

ಇದರಲ್ಲಿ ಎರಡು ಸಾಲು ಮುಖ್ಯ. ಮೊದಲನೆಯದು ದಿನದ ಬಗ್ಗೆ. "5ನೇ ತಾರೀಕೇ ಬರಬೇಕು" ಅಂತ ಹಟ ಹಿಡಿದರೆ ಅವರಿಗೆ ಇಲ್ಲ ಅನ್ನುವುದು ಸುಲಭ. ನಾಲ್ಕು ದಿನ ಕೊಟ್ಟರೆ ಮಳೆ ಬಾರದ ದಿನ, ಕೆಲಸ ಕಡಿಮೆ ಇರುವ ದಿನ ಅವರೇ ಆರಿಸುತ್ತಾರೆ. ಎರಡನೆಯದು ಊಟದ ಬಗ್ಗೆ. ಬರೀ "ಸಸ್ಯಾಹಾರಿ" ಅಂದರೆ ಮೀನು ನಡೆಯುತ್ತದೆ ಅಂದುಕೊಳ್ಳುವವರಿದ್ದಾರೆ. ಏನೇನು ತಿನ್ನುವುದಿಲ್ಲ ಅಂತ ಬಿಡಿಸಿ ಬರೆಯಿರಿ.

ಉತ್ತರ ಎರಡೇ ಸಾಲು ಬರಬಹುದು. "ಸರಿ. 6ರಂದು 11 ಗಂಟೆಗೆ." ಇದನ್ನು ಒರಟು ಅಂದುಕೊಳ್ಳಬೇಡಿ. ಅಲ್ಲಿಯ ಬರವಣಿಗೆಯೇ ಹಾಗೆ, ಅದು ತುಂಬು ಮನಸ್ಸಿನ ಒಪ್ಪಿಗೆ. ಒಂದು ವಾರ ಉತ್ತರ ಬಾರದಿದ್ದರೆ ಮತ್ತೊಮ್ಮೆ ಬರೆಯಿರಿ. ಆಗಲೂ ಬಾರದಿದ್ದರೆ ಬೇರೆ ತೋಟ ನೋಡಿ. ಮೌನವನ್ನು ಒಪ್ಪಿಗೆ ಅಂತ ತಿಳಿದು ಹೊರಟುಬಿಡಬೇಡಿ.

4. ಈಗ ವೀಸಾ, ಟಿಕೆಟ್

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ಕಡಿಮೆ ಉಳಿಸಿಕೊಳ್ಳಬಾರದು. ಬೇಸಿಗೆಗೆ ಹೋಗುವವರು ಮನೆಯವರ ಒಪ್ಪಿಗೆ ಬಂದ ಕೂಡಲೇ ಅರ್ಜಿ ಹಾಕಿ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ತೋಟದಲ್ಲಿ ತಂಗುವುದಾದರೆ ಬುಕಿಂಗ್ ಪತ್ರದಲ್ಲಿ ನಿಮ್ಮೆಲ್ಲರ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಲಿ ಅಂತ ಕೇಳಿಕೊಳ್ಳಿ.

ಯೂರೋಪಿನ ಷೆಂಗೆನ್ ದೇಶಗಳಲ್ಲೇ ಕೆಲಸದಲ್ಲಿದ್ದು ಅಲ್ಲಿಯ ವಾಸದ ಪರವಾನಗಿ ಇರುವ ಕನ್ನಡಿಗರಿಗೆ ಪ್ರವಾಸಕ್ಕೆ ಬೇರೆ ವೀಸಾ ಬೇಡ. ಪರವಾನಗಿ ಕಾರ್ಡು, ಪಾಸ್‌ಪೋರ್ಟ್ ಎರಡೂ ಜೊತೆಗಿರಲಿ.

5. ದಾರಿಯನ್ನು ವಾಪಸಿನಿಂದ ಶುರುಮಾಡಿ ಲೆಕ್ಕ ಹಾಕಿ

ತೋಟದಿಂದ ಹಿಂತಿರುಗುವ ಕೊನೆಯ ಬಸ್ಸು ಎಷ್ಟು ಗಂಟೆಗೆ? ಮೊದಲು ಇದನ್ನು ನೋಡಿ. ಆಮೇಲೆ ಹೋಗುವ ಬಸ್ಸು.

ಉಲ್ವಿಕ್‌ಗೆ ಹೋಗುವುದು ಹೀಗೆ. ಪಶ್ಚಿಮ ನಾರ್ವೆಯ ಬರ್ಗನ್ ನಗರದಿಂದ ವೊಸ್ ಎಂಬ ಊರಿಗೆ ರೈಲು, ಸುಮಾರು ಒಂದೂಕಾಲು ಗಂಟೆ. ವೊಸ್‌ನಿಂದ ಉಲ್ವಿಕ್ ಕಡೆಗೆ ಬಸ್ಸು. ಓಸ್ಲೋದಿಂದ ಬರುವವರೂ ಬರ್ಗನ್ ರೈಲು ಹತ್ತಿ ವೊಸ್‌ನಲ್ಲೇ ಇಳಿಯಬಹುದು. ರೈಲು, ಬಸ್ಸು, ಫೆರಿ ಎಲ್ಲದರ ಹೊತ್ತೂ ಎಂಟೂರ್ ಎಂಬ ಆ್ಯಪ್‌ನಲ್ಲಿ ಒಟ್ಟಿಗೆ ಸಿಗುತ್ತದೆ.

ವೇಳಾಪಟ್ಟಿ ನೋಡುವಾಗ ನೀವು ಹೋಗುವ ತಾರೀಕನ್ನೇ ಹಾಕಿ ನೋಡಿ. ಕೆಲವು ಬಸ್ಸುಗಳು ಶಾಲೆ ನಡೆಯುವ ದಿನ ಮಾತ್ರ ಓಡುತ್ತವೆ. ಮಂಗಳವಾರ ಕಂಡ ಬಸ್ಸು ಭಾನುವಾರ ಇರುವುದಿಲ್ಲ. ನಮ್ಮಲ್ಲಿಯ ಹಾಗೆ ಕೈ ತೋರಿಸಿ ಆಟೋ ಹತ್ತುವ ಅನುಕೂಲ ಅಲ್ಲಿಲ್ಲ. ಕೊನೆಯ ಬಸ್ಸು ತಪ್ಪಿತು ಅಂದರೆ ತುಂಬಾ ದುಬಾರಿ ಟ್ಯಾಕ್ಸಿ, ಇಲ್ಲವೇ ಅಲ್ಲೇ ಉಳಿಯಬೇಕು.

ಕಾರಿನಲ್ಲಿ ಹೋಗುವವರು ಇಷ್ಟು ಗಮನಿಸಿ. ರಸ್ತೆಯ ಬಲಗಡೆ ಓಡಿಸಬೇಕು, ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು. ದಡದ ರಸ್ತೆ ಕೆಲವೆಡೆ ಒಂದೇ ಕಾರಿನ ಅಗಲ. ನೀಲಿ ಫಲಕದ ಮೇಲೆ ಬಿಳಿ "ಎಂ" ಅಕ್ಷರ ಕಂಡರೆ ಅದು ಎದುರು ಗಾಡಿಗೆ ದಾರಿ ಬಿಡುವ ಜಾಗ. ಅಲ್ಲಿ ಪಾರ್ಕ್ ಮಾಡಿ ಫೋಟೋ ತೆಗೆಯಬಾರದು. ಹಾರ್ಡಂಗರ್ ಸೇತುವೆಯ ಹತ್ತಿರ ಸುರಂಗದ ಒಳಗೇ ಒಂದು ಸರ್ಕಲ್ ಇದೆ. ಬೆಟ್ಟದ ಹೊಟ್ಟೆಯಲ್ಲಿ ಫೋನಿನ ದಾರಿ ಕೈಕೊಡಬಹುದು. ಯಾವ ಕಡೆ ತಿರುಗಬೇಕು ಅಂತ ಮೊದಲೇ ತಿಳಿದುಕೊಂಡಿರಿ.

6. ಚೀಲದಲ್ಲಿ ಏನಿರಬೇಕು, ಏನು ಇರಲೇಬಾರದು

ಪಶ್ಚಿಮ ನಾರ್ವೆ ಅಂದರೆ ಮಳೆ. ಮಲೆನಾಡಿನವರಿಗೆ ಮಳೆ ಹೊಸದಲ್ಲ, ಆದರೆ ಅಲ್ಲಿಯ ಮಳೆ ತಣ್ಣಗಿರುತ್ತದೆ. ಟೋಪಿ ಇರುವ ಮಳೆಕೋಟು, ನೀರು ಒಳಗಿಳಿಯದ ಶೂ, ಮೈಗೆ ತಾಗುವ ಹಾಗೆ ತೆಳು ಉಣ್ಣೆಯ ಬಟ್ಟೆ ಇರಲಿ. ಹತ್ತಿ ಬಟ್ಟೆ ಒದ್ದೆಯಾದರೆ ಚಳಿ ಬಿಡುವುದೇ ಇಲ್ಲ. ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಹವಾಮಾನಕ್ಕೆ "ಯ್ರ್" ಆ್ಯಪ್ ಇಟ್ಟುಕೊಳ್ಳಿ, ನಾರ್ವೆಯವರು ನೋಡುವುದೂ ಅದನ್ನೇ. ನಮ್ಮ ದಪ್ಪ ಮೂರು ಕಡ್ಡಿಯ ಪ್ಲಗ್ ಅಲ್ಲಿ ಸೇರುವುದಿಲ್ಲ. ಎರಡು ದುಂಡು ಕಡ್ಡಿಯದು ಬೇಕು.

ಇನ್ನು ಇರಲೇಬಾರದ ವಸ್ತುಗಳು. ಯೂರೋಪಿನ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರುವುದನ್ನು ನಾರ್ವೆ ನಿಷೇಧಿಸಿದೆ. ತುಪ್ಪ, ಪನೀರು ಎಲ್ಲಾ ಇದರಲ್ಲಿ ಬರುತ್ತದೆ. ಮನೆಯವರಿಗೆ ಉಡುಗೊರೆ ಅಂತ ಅಮ್ಮ ಕಾಯಿಸಿದ ತುಪ್ಪ ಒಯ್ಯುವ ಆಸೆ ಆಗುತ್ತದೆ. ದಯವಿಟ್ಟು ಬೇಡ. ಆಲೂಗಡ್ಡೆ, ಗಿಡ, ಕಾಂಡ, ಮಣ್ಣು ಕೂಡ ಬೇಡ. ಚನ್ನಪಟ್ಟಣದ ಗೊಂಬೆಯೋ ಚಿಕ್ಕಮಗಳೂರಿನ ಕಾಫಿಪುಡಿಯೋ ಒಯ್ಯಿರಿ. ನಾರ್ವೆಯವರು ಕಾಫಿ ಬಿಟ್ಟಿರುವ ಜನ ಅಲ್ಲ.

ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಬೇಕಾದ ವಿಷಯ ಈಗ ಹೇಳುತ್ತೇನೆ. ನಮ್ಮಲ್ಲಿ ದನಕರುಗಳಿಗೆ ಕಾಲುಬಾಯಿ ಜ್ವರ ಬರುತ್ತಲೇ ಇರುತ್ತದೆ. ನಾರ್ವೆಯಲ್ಲಿ 1952ರ ನಂತರ ಅದು ಕಾಣಿಸಿಲ್ಲ. ಆ ರೋಗದ ವೈರಸ್ಸು ಶೂ, ಬಟ್ಟೆಗೆ ಅಂಟಿಕೊಂಡು ಹೋಗಬಲ್ಲದು. ಹೊರಡುವ ಹಿಂದಿನ ದಿನ ಊರಿಗೆ ಹೋಗಿ ಕೊಟ್ಟಿಗೆಯಲ್ಲಿ ಓಡಾಡಿ, ಅದೇ ಶೂ ಹಾಕಿಕೊಂಡು ವಿಮಾನ ಹತ್ತಿದರೆ ಏನಾಗಬಹುದು ಯೋಚಿಸಿ. ಹೊರದೇಶದಲ್ಲಿ ದನ, ಕುರಿ, ಹಂದಿ ಮುಟ್ಟಿದವರು ಕನಿಷ್ಠ 48 ಗಂಟೆ ಕೊಟ್ಟಿಗೆಗೆ ಬರಬಾರದು ಅನ್ನುವುದು ಅಲ್ಲಿ ರೂಢಿಯಲ್ಲಿರುವ ಸಲಹೆ. ನಾನಂತೂ ಒಂದು ವಾರ ಬಿಟ್ಟೇ ಹೋಗಿ ಅನ್ನುತ್ತೇನೆ. ಕೊಟ್ಟಿಗೆಗೆ ಹಾಕಿದ ಶೂ ಊರಲ್ಲೇ ಇರಲಿ. ತೋಟಕ್ಕೆ ಒಗೆದ ಬಟ್ಟೆ, ಹಿಮ್ಮಡಿಯವರೆಗೂ ಉಜ್ಜಿ ತೊಳೆದು ಒಣಗಿಸಿದ ಬೇರೆ ಶೂ. ಮನೆಯವರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ಅವರು ಕೊಟ್ಟಿಗೆಗೆ ಬೇಡ ಅಂದರೆ ಬೇಡ.

7. ಬಾಗಿಲಿಗೆ ಬಂದ ಮೇಲೆ: ಉಣುಗೋಲು, ಹುಲ್ಲು, ಅಂಗಳ

ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ. ಅರ್ಧ ಗಂಟೆ ಮೊದಲು ಹೋಗುವುದೂ ತೊಂದರೆಯೇ. ತಡವಾದರೆ ಮೆಸೇಜ್ ಕಳಿಸಿ.

ಕಾರನ್ನು ಅವರು ತೋರಿಸಿದ ಜಾಗದಲ್ಲೇ ನಿಲ್ಲಿಸಿ. ಕೊಟ್ಟಿಗೆಯ ಮುಂದೆ ಖಾಲಿ ಜಾಗ ಕಂಡರೆ ಅದು ಟ್ರ್ಯಾಕ್ಟರ್ ತಿರುಗಲು ಬಿಟ್ಟದ್ದು.

ಉಣುಗೋಲು (ಬೇಲಿಯ ದಾರಿಗೆ ಅಡ್ಡ ಹಾಕುವ ಕೋಲು) ತೆಗೆದವರೇ ಹಾಕಬೇಕು ಅನ್ನುವುದು ಮಲೆನಾಡಿನಲ್ಲಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ, ಅಲ್ವಾ? ಅಲ್ಲೂ ಅದೇ ನಿಯಮ. ಗೇಟಿನ ಮೇಲೆ "ಲುಕ್ ಗ್ರಿಂಡಾ" ಅಂತ ಇದ್ದರೆ ಗೇಟು ಹಾಕಿ ಅಂತ ಅರ್ಥ. "ಸ್ಟೆಂಗ್ಟ್" ಅಂದರೆ ಮುಚ್ಚಿದೆ. "ಪ್ರಿವಾಟ್" ಅಂದರೆ ಖಾಸಗಿ. ತೆಳು ತಂತಿಯ ಬೇಲಿಯಲ್ಲಿ ಕರೆಂಟು ಇರುತ್ತದೆ, ನಮ್ಮ ಐಬೆಕ್ಸ್ ಬೇಲಿಯ ಹಾಗೆ.

ಹುಲ್ಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾರ್ವೆಯಲ್ಲಿ ಯಾರು ಎಲ್ಲಿ ಬೇಕಾದರೂ ನಡೆಯಬಹುದು ಅಂತ ಹಲವರು ಕೇಳಿರುತ್ತಾರೆ. ಅದು ಅರ್ಧ ಸತ್ಯ. 1957ರ ಕಾಯಿದೆ ಜಾಗವನ್ನು ಎರಡಾಗಿ ನೋಡುತ್ತದೆ. ಕಾಡು, ಬೆಟ್ಟ, ಬಯಲು "ಉತ್‌ಮಾರ್ಕ್". ಅಲ್ಲಿ ನಡೆಯಬಹುದು, ಕಾಡಿನ ಬ್ಲೂಬೆರ್ರಿ ಕೀಳಬಹುದು. ಟೆಂಟ್ ಹಾಕಬಹುದು, ಆದರೆ ಜನವಸತಿ ಇರುವ ಮನೆಯಿಂದ 150 ಮೀಟರ್ ದೂರ ಇರಬೇಕು. ಅಂಗಳ, ಹೊಲ, ಹಣ್ಣಿನ ತೋಟ, ಹುಲ್ಲುಗಾವಲು ಇವೆಲ್ಲ "ಇನ್‌ಮಾರ್ಕ್". ಮಾಲೀಕರ ಒಪ್ಪಿಗೆ ಇಲ್ಲದೆ ಬೇಸಿಗೆಯಲ್ಲಿ ಅದರೊಳಗೆ ಕಾಲಿಡುವಂತಿಲ್ಲ.

ಮನೆಯ ಮುಂದೆ ಮಂಡಿಯೆತ್ತರ ಬೆಳೆದ ಹಸಿರು ಹುಲ್ಲು ಸುಮ್ನೆ ಬೆಳೆದದ್ದಲ್ಲ. ಅದು ಬೆಳೆ. ಚಳಿಗಾಲವಿಡೀ ದನಕುರಿಗೆ ಅದೇ ಮೇವು. ಅದರಲ್ಲಿ ನಡೆದು, ಕೂತು ಫೋಟೋ ತೆಗೆಸಿಕೊಂಡರೆ ಹುಲ್ಲು ಮಲಗಿಬಿಡುತ್ತದೆ. ಮಲಗಿದ ಹುಲ್ಲನ್ನು ಯಂತ್ರ ಚೆನ್ನಾಗಿ ಕೊಯ್ಯುವುದಿಲ್ಲ. ನಮ್ಮ ಬತ್ತದ ಗದ್ದೆಯಲ್ಲಿ ಯಾರೋ ಹೊರಳಾಡಿ ಹೋದರೆ ನಮಗೆ ಹೇಗಾಗುತ್ತದೋ ಅವರಿಗೂ ಹಾಗೇ. ರಸ್ತೆಗೆ ಬಾಗಿದ ಚೆರ್ರಿ ಕೊಂಬೆಯ ಹಣ್ಣೂ ಮಾಲೀಕರದ್ದೇ. ಕೇಳಿದರೆ ಕೊಡುತ್ತಾರೆ, ಕೇಳದೆ ಕೀಳಬೇಡಿ.

ಡ್ರೋನ್ ಹಾರಿಸುವ ಮೊದಲೂ ಕೇಳಬೇಕು. ಅದರ ಸದ್ದಿಗೆ ಕುರಿಗಳು ಬೆದರಿ ಓಡುತ್ತವೆ.

8. ಪ್ರಾಣಿ, ಯಂತ್ರ, ನೀರು: ಮಕ್ಕಳಿದ್ದರೆ ಎರಡು ಸಲ ಓದಿ

ಮರಿ ಜೊತೆಗಿರುವ ಕುರಿ, ಕರು ಜೊತೆಗಿರುವ ಹಸುವಿನ ನಡುವೆ ಹೋಗಬೇಡಿ. ಹಸು ತಲೆ ತಗ್ಗಿಸಿ ನೆಲ ಕೆರೆಯಲು ಶುರುಮಾಡಿದರೆ ಓಡದೆ, ಬೆನ್ನು ತೋರಿಸದೆ ಹಿಂದೆ ಸರಿಯಿರಿ. ಬ್ರೆಡ್, ಬಿಸ್ಕತ್ತು ತಿನ್ನಿಸಬೇಡಿ. ಹೊಟ್ಟೆ ಕೆಡುತ್ತದೆ. ಪ್ರಾಣಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನೂ ತಿನ್ನಬಾರದು.

ಹೊಲದಲ್ಲಿ ಬಿಳಿ ಪ್ಲಾಸ್ಟಿಕ್ ಸುತ್ತಿದ ದೊಡ್ಡ ಉಂಡೆಗಳು ಕಾಣುತ್ತವೆ. "ಟ್ರ್ಯಾಕ್ಟರ್ ಮೊಟ್ಟೆ" ಅಂತ ಅಲ್ಲಿಯ ಮಕ್ಕಳು ಕರೆಯುತ್ತಾರೆ. ಒಳಗಿರುವುದು ಹಸಿ ಮೇವು, ಒಂದೊಂದೂ ನೂರಾರು ಕಿಲೋ ತೂಗುತ್ತದೆ. ಹತ್ತಿದರೆ ಉರುಳಬಹುದು. ಪ್ಲಾಸ್ಟಿಕ್ಕಿಗೆ ಸಣ್ಣ ತೂತು ಬಿದ್ದರೂ ಮೇವು ಬೂಸ್ಟು ಹಿಡಿದು ಹಾಳು.

ಹಲವು ಕೊಟ್ಟಿಗೆಗಳ ಕೆಳಗೆ ಸಗಣಿ ಗುಂಡಿ ಇರುತ್ತದೆ. ಅದನ್ನು ಕಲಕುವಾಗ ವಿಷದ ಗಾಳಿ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದೇ ಗುರುತು. ವಾಸನೆ ಇದ್ದಕ್ಕಿದ್ದಂತೆ ನಿಂತಿತು ಅಂದರೆ ಅಪಾಯ ಹೋಯಿತು ಅಂತಲ್ಲ, ಮೂಗು ಸತ್ತಿದೆ ಅಂತ. ತಕ್ಷಣ ಹೊರಗೆ ಬನ್ನಿ.

ಫ್ಯೋರ್ಡ್ ದಡ ನಮ್ಮ ಕಡಲ ತೀರದಂತೆ ಮೆಲ್ಲಗೆ ಇಳಿಯುವುದಿಲ್ಲ. ಎರಡು ಹೆಜ್ಜೆಗೆ ಆಳ. ನೀರು ಬೇಸಿಗೆಯಲ್ಲೂ ತಣ್ಣಗೆ. ಸಣ್ಣ ದೋಣಿಯಲ್ಲಿ ಹೋಗುವಾಗ ಎಲ್ಲರೂ ಲೈಫ್ ಜಾಕೆಟ್ ಹಾಕಲೇಬೇಕು, ಅದು ಕಾನೂನು. ಎತ್ತರದ ಹುಲ್ಲಲ್ಲಿ ಓಡಾಡಿದ ದಿನ ರಾತ್ರಿ ಕಾಲು, ಕಂಕುಳು, ಕಿವಿಯ ಹಿಂದೆ ಉಣ್ಣಿ ಕಚ್ಚಿದೆಯಾ ನೋಡಿ. ಆಂಬುಲೆನ್ಸಿಗೆ 113, ಪೊಲೀಸರಿಗೆ 112, ಬೆಂಕಿಗೆ 110.

9. ಊಟ, ಖರೀದಿ

ಮನೆಯೊಳಗೆ ಚಪ್ಪಲಿ ಬಿಟ್ಟು ಹೋಗುವುದು ಅಲ್ಲೂ ರೂಢಿ. ಎಲ್ಲರನ್ನೂ ಹೆಸರು ಹಿಡಿದೇ ಮಾತಾಡಿಸುತ್ತಾರೆ, ಅಜ್ಜಿಯನ್ನೂ. ಮುಜುಗರ ಬೇಡ. ಊಟ ಮುಗಿದಾಗ "ತಕ್ ಫೋರ್ ಮಾತೆನ್" ಅನ್ನಿ. ಊಟಕ್ಕೆ ಕೃತಜ್ಞತೆ ಅಂತ ಅರ್ಥ. ಇದನ್ನು ಹೇಳದೆ ಏಳುವುದಿಲ್ಲ.

ಕಂದು ಚೀಸ್ ರುಚಿ ನೋಡದೆ ಬರಬೇಡಿ. ಚೀಸ್ ಮಾಡಿ ಉಳಿದ ಹಾಲಿನ ನೀರನ್ನು ಗಂಟೆಗಟ್ಟಲೆ ಕುದಿಸಿ ಗಟ್ಟಿ ಮಾಡುತ್ತಾರೆ. ಸಿಹಿಯಾಗಿ, ಸ್ವಲ್ಪ ಖೋವಾ ನೆನಪಾಗುವ ಹಾಗಿರುತ್ತದೆ. ತೆಳುವಾಗಿ ಹೆರೆದು ದೋಸೆಯಂಥ ವಾಫಲ್ ಮೇಲೆ ಹಾಕಿಕೊಳ್ಳಬೇಕು. ಕಟ್ಟಾ ಸಸ್ಯಾಹಾರಿಗಳು ಒಂದು ಮಾತು ಕೇಳಿ: ಹಾಲು ಒಡೆಯಲು ಹಲವೆಡೆ ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಬೇಡ ಅನ್ನುವವರು ಮೊದಲೇ ವಿಚಾರಿಸಿ.

ದಾರಿ ಬದಿಯಲ್ಲಿ ಯಾರೂ ಇಲ್ಲದ ಹಣ್ಣಿನ ಗೂಡಂಗಡಿ ಸಿಗುತ್ತವೆ. ಹಣ್ಣು ತೆಗೆದುಕೊಂಡು ದುಡ್ಡು ಇಟ್ಟು ಹೋಗುವುದು. ಬೋರ್ಡಿನಲ್ಲಿ "ವಿಪ್ಸ್" ನಂಬರ್ ಇರುತ್ತದೆ. ಅದು ನಮ್ಮ ಯುಪಿಐ ಇದ್ದ ಹಾಗೆ, ಆದರೆ ಭಾರತದ ಬ್ಯಾಂಕ್ ಖಾತೆಗೆ ನಡೆಯುವುದಿಲ್ಲ. ಇದಕ್ಕೆಂದೇ 50, 100 ಕ್ರೋನರ್ ನೋಟು, ಚಿಲ್ಲರೆ ಜೇಬಲ್ಲಿರಲಿ. ಉಳಿದೆಡೆ ಕಾರ್ಡ್ ಸಾಕು. ಭಾನುವಾರ ದಿನಸಿ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಅಕ್ಕಿ, ತರಕಾರಿ ಶನಿವಾರವೇ ಕೊಂಡಿಡಿ.

ಸೈಡರ್ ಅಂದರೆ ಸೇಬಿನ ಮದ್ಯ, ಜ್ಯೂಸ್ ಅಲ್ಲ. ಮಕ್ಕಳಿಗೆ ಕೊಡುವ ಮೊದಲು ಇದು ಗೊತ್ತಿರಲಿ. ಗಾಡಿ ಓಡಿಸುವವರು ರುಚಿಗೂ ಮುಟ್ಟಬೇಡಿ. ಗಾಡಿ ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ ಮಿತಿ ಭಾರತದಲ್ಲಿ 0.03 ಶೇಕಡಾ ಇದ್ದರೆ ಅಲ್ಲಿ 0.02. ಬಾಟಲಿ ಕೊಂಡು ಮಾರನೇ ದಿನ ಕುಡಿಯಿರಿ, ಇಲ್ಲವೇ ಆಲ್ಕೋಹಾಲ್ ಇಲ್ಲದ ಸೇಬಿನ ರಸ ಕೇಳಿ. ಆ ರಸ ಒಂದೊಂದು ತಳಿಗೆ ಒಂದೊಂದು ರುಚಿ.

10. ತಂಗಿದ್ದರೆ ಹೊರಡುವ ಮುನ್ನ

ತೋಟದ ಹಲವು ಬಾಡಿಗೆ ಮನೆಗಳಲ್ಲಿ ಹಾಸಿಗೆ ಬಟ್ಟೆ, ಟವೆಲ್ ದರದಲ್ಲಿ ಸೇರಿರುವುದಿಲ್ಲ. ಬುಕಿಂಗ್ ಮಾಡುವಾಗಲೇ ಕೇಳಿ. ಕೊನೆಯ ಗುಡಿಸಿ ಒರೆಸುವ ಕೆಲಸವೂ ಅತಿಥಿಯದ್ದೇ, ಅಥವಾ ಅದಕ್ಕೆ ಬೇರೆ ದುಡ್ಡು. ಒಗ್ಗರಣೆಯ ವಾಸನೆ, ಅರಿಸಿನದ ಕಲೆ ಮರದ ಮನೆಯಲ್ಲಿ ಬೇಗ ಹೋಗುವುದಿಲ್ಲ. ಅಡುಗೆ ಮಾಡುವಾಗ ಕಿಟಕಿ ತೆರೆದಿಡಿ, ಒಲೆಯ ಮೇಲಿನ ಫ್ಯಾನ್ ಹಾಕಿ. ಎಣ್ಣೆ ಸಿಂಕಿಗೆ ಸುರಿಯಬೇಡಿ. ಕಸ ಬೇರೆ ಬೇರೆ ಡಬ್ಬಿಗೆ ಹೋಗಬೇಕು. ಯಾವುದು ಎಲ್ಲಿಗೆ ಅಂತ ಮೊದಲ ದಿನವೇ ತಿಳಿದುಕೊಳ್ಳಿ.

ಕೀಲಿ ಕೊಡುವಾಗ ಏನಾದರೂ ಒಡೆದಿದ್ದರೆ ನೀವೇ ಹೇಳಿಬಿಡಿ. ಅತಿಥಿ ಪುಸ್ತಕ ಇದ್ದರೆ ಕನ್ನಡದಲ್ಲೇ ಎರಡು ಸಾಲು ಬರೆದು ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬರೆಯಿರಿ. ಆಮೇಲೆ ಬಸ್ ಸ್ಟಾಪಿಗೆ ಹತ್ತು ನಿಮಿಷ ಮೊದಲೇ ಹೋಗಿ ನಿಲ್ಲಿ. ಬಸ್ಸು ಕಂಡ ಕೂಡಲೇ ಕೈ ತೋರಿಸಿ. ಹಳ್ಳಿಯ ಸ್ಟಾಪಿನಲ್ಲಿ ಯಾರೂ ಕೈ ತೋರಿಸದಿದ್ದರೆ ಬಸ್ಸು ನಿಲ್ಲದೆ ಹೋಗಬಹುದು.